ಟವೆಲ್ಲಿನ ಕೆಳಗಿನ ವ್ಯಾಪಾರ

೬ ಜನವರಿ ೧೯೭೪, ಭಾನುವಾರ
ಕಲಘಟಗಿ

ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆಂದು ಕೊಟ್ಟ ಈ ಡೈರಿಯಲ್ಲಿ ಹಾಲಿನ ಲೆಕ್ಕ ಬರೆಯೋಣ ಎಂದರು ನಮ್ಮವರು. ನಾನು ಕೊಡಲಿಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ನಾನು. ಖಾನಾವಳಿಯಲ್ಲಿ ರೊಟ್ಟಿ ಬಡಿದು ಬಡಿದು ಅಕ್ಷರ ಮರೆತುಹೋಗುವ ಹಾಗಾಗಿದೆ. ಸಿಟ್ಟು ಬಂದ ದಿನ ಇದರಲ್ಲಿ ಬರೆಯುವುದು ಎಂದು ನಿಶ್ಚಯಿಸಿದೆ. ಇವತ್ತು ಬಂದಿದೆ.

ಮಧ್ಯಾಹ್ನ ಇಸ್ಮಾಯಿಲಸಾಬ ಊಟಕ್ಕೆ ಬಂದಿದ್ದ. ಇಲ್ಲಿಯ ಬೆಲ್ಲವನ್ನು ಗೋವಾಕ್ಕೆ ಹೇರುವ ಲಾರಿ ಅವನದು. ತಿನ್ನುತ್ತಾ ತಿನ್ನುತ್ತಾ ಸುರು ಮಾಡಿದ.

"ಅಕ್ಕಾರ, ಗೋವಾದಾಗ ತಾರಿವಾಡೆ ಅಂತ ಒಂದ್ ಊರೈತ್ರಿ. ನದಿ ಸಮುದ್ರ ಸೇರೂ ಜಾಗಾ, ಅಲ್ಲಿ ಸೇತುವಿ ಇಲ್ಲ. ಲಾರಿ ಎಲ್ಲಾ ತಾರಿ ಮ್ಯಾಲೆ, ಅಂದ್ರ ದೊಡ್ಡ ದೋಣಿ ಮ್ಯಾಲೆ ಹಾಕಿ ದಾಟಸ್ತಾರ. ತಾಸುಗಟ್ಲೆ ಸಾಲಿನ್ಯಾಗ ನಿಂದರಬೇಕು. ನಿಂತವರು ಅರ್ಧಕ್ಕರ್ಧ ನಮ್ಮ ಕಡಿಯವರ. ತಿನ್ನಾಕ ಏನ್ ಸಿಗತೈತಿ? ಮೀನ, ಪಾವು. ಒಂದ್ ಬಿಸಿ ರೊಟ್ಟಿ ಕಂಡ್ರ ಅತ್ತಬಿಡ್ತಾರ್ರಿ ಮಂದಿ!"

ನಮ್ಮವರು ಬಡಿಸುವುದನ್ನು ಬಿಟ್ಟು ಸಾರಿನ ಸವುಟು ಹಿಡಿದು ಹಾಗೇ ನಿಂತರು. "ಅಲ್ಲಿ ಜಾಗಾ ಸಿಗತೈತೇನೋ?" ಎಂದು ಕೇಳಿದರು. ಆಗಲೇ ನನಗೆ ಗೊತ್ತಾಯಿತು, ಇನ್ನು ನಮ್ಮ ನಿದ್ದೆ ಕೆಟ್ಟಿತು ಎಂದು.

ಖಾನಾವಳಿಯ ಈ ಜಾಗ ಬಾಡಿಗೆಯದು. ಮಾಲೀಕರು ಬಟ್ಟೆ ಅಂಗಡಿ ಹಾಕಬೇಕು, ಮಳೆಗಾಲಕ್ಕೆ ಬಿಡಿರಿ ಎಂದು ದೀಪಾವಳಿಯಿಂದ ಹೇಳುತ್ತಿದ್ದಾರೆ. ಅದು ಖರೆ. ಆದರೆ ಅದಕ್ಕೆ ಗೋವಾಕ್ಕೆ ಹೋಗಬೇಕೇ? ನಾನು ಪಾತ್ರೆ ತೊಳೆಯುವಾಗ ನಮ್ಮವರು ಬಂದು ಪಕ್ಕದಲ್ಲಿ ಕುಳಿತರು.

"ಏ ರೇವಾ, ನಿನ್ನ ಬಮ್ಮಿಗಟ್ಟಿ ಹೊಲ ಕೊಟ್ಟು ಅಲ್ಲೊಂದು ಜಾಗಾ ಹಿಡದ್ರ ಹೆಂಗ? ಸ್ವಂತದ್ದು ಆಗತೈತಿ. ನಿನಗ ಅಡಗಿಮನ್ಯಾಗ ಸಮುದ್ರದ ಕಡಿಗೆ ಒಂದ್ ದೊಡ್ಡ ಕಿಟಕಿ ಇಡಸ್ತೀನಿ."

"ಕಿಟಕಿ ಇಟ್ರ ಗಾಳಿ ಬಂದು ಒಲಿ ಆರತೈತಿ," ಎಂದೆ.

ಬಮ್ಮಿಗಟ್ಟಿಯ ಹೊಲ ಅಪ್ಪ ನನ್ನ ಉಡಿಯಲ್ಲಿ ಹಾಕಿದ್ದು. ಕಪ್ಪು ಮಣ್ಣು, ಬದುವಿನ ಮೇಲೆ ಒಂದು ಬನ್ನಿ ಗಿಡ. ನಮ್ಮ ಖಾನಾವಳಿಯ ಜೋಳವೆಲ್ಲ ಅದರದೇ. ಜೋರಾಗಿ ಕೇಳಿದ್ದರೆ ಜೋರಾಗಿಯೇ ಇಲ್ಲ ಎನ್ನುತ್ತಿದ್ದೆ. ಬಹಳ ಮೆತ್ತಗೆ ಕೇಳಿದರು. ಅದಕ್ಕೇ ಇನ್ನೂ ಸಿಟ್ಟು.

೯ ಜನವರಿ

ಅತ್ತೆಯ ಕಿವಿಗೂ ಬಿತ್ತು. ನನ್ನ ಅತ್ತೆ ಗುರವ್ವನವರಿಗೆ ಗೋವಾ ಈಗಲೂ ಪರದೇಶವೇ. ಪರಂಗಿಯವರು ಹೋಗಿ ಹನ್ನೆರಡು ವರ್ಷವಾಯಿತು ಎಂದು ನಮ್ಮವರು ಹೇಳಿದರೆ ನಂಬುವುದಿಲ್ಲ.

"ಗಡಿ ಮ್ಯಾಲೆ ಪೊಲೀಸರು ಪರವಾನಗಿ ಚೀಟಿ ಕೇಳತಾರ. ನನಗ ಗೊತ್ತಿಲ್ಲೇನು? ನಮ್ಮಪ್ಪಗ ಕೇಳಿದ್ರು," ಎಂದರು.

"ಈಗ ಅದು ನಮ್ಮ ದೇಶ ಆಗೇತಬೇ."

"ಮೊನ್ನೆ ತನಕ ಇದು ಮೈಸೂರು ಅಂತಿದ್ರಿ, ಈಗ ಕರ್ನಾಟಕ ಅಂತೀರಿ. ನಿಮ್ಮ ಮಾತೇನ್ ನಂಬೂದು!"

ಎಷ್ಟೋ ವರ್ಷದ ಮೇಲೆ ಅತ್ತೆ ಮತ್ತು ನಾನು ಒಂದೇ ಪಕ್ಷದಲ್ಲಿದ್ದೇವೆ. ಖುಷಿಯಾಗಿ ಅವರಿಗೆ ಒಂದು ಹೆಚ್ಚಿನ ಹೋಳಿಗೆ ಹಾಕಿದೆ.

೧೫ ಜನವರಿ

ಅತ್ತೆ ಪಕ್ಷಾಂತರ ಮಾಡಿದರು. ಮಗ ಹೋಗಿಯೇ ಹೋಗುತ್ತೇನೆ ಎಂದು ಹಟ ಹಿಡಿದ ಮೇಲೆ ನನ್ನ ಹತ್ತಿರ ಬಂದು, "ನೀನೂ ಹೋಗು. ಅಲ್ಲಿ ಹೆಂಗಸರು ಮೊಣಕಾಲ ತನಕ ಫ್ರಾಕ್ ಹಾಕ್ತಾರಂತ. ಕುಬೇರಪ್ಪನ್ನ ಒಬ್ಬನ್ನ ಬಿಡಬ್ಯಾಡ," ಎಂದರು.

ಹೋಗುತ್ತೇನೆ. ಜಾಗದ ಮೇಲೆಯೇ ನಿಂತು ಬೇಡ ಎಂದು ಹೇಳಿ ಬರುತ್ತೇನೆ.

೨೩ ಜನವರಿ, ಬುಧವಾರ

ನಿನ್ನೆ ಗೋವಾದಿಂದ ತಿರುಗಿ ಬಂದೆವು. ಸೊಂಟ ಇನ್ನೂ ಲಾರಿಯಲ್ಲೇ ಇದೆ. ಅನಮೋಡ ಘಟ್ಟದ ತಿರುವುಗಳಲ್ಲಿ ಹೊಟ್ಟೆಯಲ್ಲಿದ್ದುದೆಲ್ಲ ಬಾಯಿಗೆ ಬಂತು. ಇಸ್ಮಾಯಿಲಸಾಬ ನಿಂಬೆಹಣ್ಣು ಕೊಟ್ಟು, "ಅಕ್ಕಾರ, ಕೆಳಗ ನೋಡಬ್ಯಾಡ್ರಿ, ನನ್ನ ಮಾರಿ ನೋಡ್ರಿ," ಎಂದ. ಅವನ ಮುಖ ನೋಡಿ ಇನ್ನೂ ಹೆಚ್ಚಾಯಿತು.

ತಾರಿವಾಡೆಯಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಅವನು ಹೇಳಿದ್ದು ಸುಳ್ಳಲ್ಲ. ಮೂರನೆಯ ಲಾರಿಯಲ್ಲೇ ನವಲಗುಂದದವನೊಬ್ಬ ಸಿಕ್ಕ. ನಾನು ದಾರಿಗೆ ಕಟ್ಟಿಕೊಂಡಿದ್ದ ಕಟಕ್ ರೊಟ್ಟಿ ನೋಡಿ, "ಯಕ್ಕಾ, ಒಂದ್ ಚೂರು," ಎಂದ. ಗಂಟನ್ನೇ ಕೊಟ್ಟೆ.

ಜಾಗ ಮಾರುವವರ ಹೆಸರು ಕಾಯ್ತಾನ್. ಕಿರಿಸ್ತಾನರು, ನರೆತ ಮೀಸೆ, ತಲೆಗೆ ಟೊಪ್ಪಿಗೆ. ಮರಾಠಿ ಬರುತ್ತದೆ, ನಮ್ಮವರಿಗೂ ಬರುತ್ತದೆ, ನನಗೆ ಅಷ್ಟಿಷ್ಟು. ಅವರು ಮೊದಲು ತೋರಿಸಿದ್ದು ರಸ್ತೆಯ ಮೇಲ್ಬದಿಗೆ ದಿಬ್ಬದಲ್ಲಿರುವ ಒಂದು ಬೋಳು ಜಾಗ. ಬರೀ ಕೆಂಪು ಕಲ್ಲು. ಹುಲ್ಲು ಕೂಡ ಮನಸ್ಸಿಲ್ಲದೆ ಬೆಳೆದಿತ್ತು.

ನಮ್ಮವರು ನಕ್ಕುಬಿಟ್ಟರು. "ರೈತನ ಮಗನಿಗೆ ಬಂಡೆಗಲ್ಲು ಮಾರಾಕ ಬಂದಾರ ನೋಡು," ಎಂದು ನನಗೆ ಕನ್ನಡದಲ್ಲಿ ಹೇಳಿದರು. ನಾನೂ ನಕ್ಕೆ. ಯಾರೇ ಆದರೂ ನಗುತ್ತಿದ್ದರು.

ರಸ್ತೆಯ ಕೆಳಬದಿಗೆ ಅವರದೇ ಗದ್ದೆ ಇತ್ತು. ನಮ್ಮವರು ಇಳಿದು ಒಂದು ಹಿಡಿ ಮಣ್ಣು ತೆಗೆದು, ಹಿಸುಕಿ, ಮೂಸಿ, ನಾಲಗೆಗೆ ಹಚ್ಚಿಕೊಂಡರು. ಕಪ್ಪಗೆ ಜಿಗುಟು ಮಣ್ಣು. "ಬೆಣ್ಣಿ, ರೇವಾ, ಬೆಣ್ಣಿ! ಅಗದಿ ನಿಮ್ಮಪ್ಪನ ಹೊಲ!" ಎಂದರು. ನೋಡಿದೆ. ಹೌದು, ಹಾಗೇ ಇತ್ತು. ಅದು ನನಗೆ ಸ್ವಲ್ಪವೂ ಸೇರಲಿಲ್ಲ.

"ಅದು ಬೇಡ, ಇದು ಬೇಕು," ಎಂದು ನಮ್ಮವರು ಹೇಳಿದಾಗ ಕಾಯ್ತಾನ್ ಗದ್ದೆಯ ಕಡೆ ತಿರುಗಿ ಟೊಪ್ಪಿಗೆ ಸರಿಮಾಡಿಕೊಂಡರು. ಆಮೇಲೆ, ಇಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು.

"ಏನೋ ಒಂದು ಮಾಡ್ತೀವಿ," ಎಂದರು ನಮ್ಮವರು. ನನ್ನ ಕಿವಿಯಲ್ಲಿ, "ಖಾನಾವಳಿ ಅಂದ್ರ ರೇಟು ಏರಸ್ತಾನ, ಬಾಯಿ ಬಿಡಬ್ಯಾಡ," ಎಂದರು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ನಮ್ಮ ದನದ ಸಂತೆಯಲ್ಲಿ ಎತ್ತು ಕುದುರಿಸುವಾಗ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಲ್ಲೇ ರೇಟು ಹೇಳುತ್ತಾರೆ. ಪಕ್ಕದಲ್ಲಿ ನಿಂತವರಿಗೂ ತಿಳಿಯಬಾರದು. ನಮ್ಮವರು ಇದರಲ್ಲಿ ಗಟ್ಟಿ ಕುಳ. ಹೆಗಲ ಮೇಲಿನ ಟವೆಲ್ ತೆಗೆದು ಕಾಯ್ತಾನರ ಕೈ ಮೇಲೆ ಹಾಕಿ ಬೆರಳು ಹಿಡಿದರು. ಸುತ್ತ ಯಾರೂ ಇರಲಿಲ್ಲ, ಒಂದು ಹಂದಿ ಬಿಟ್ಟರೆ. ಆ ಮುದುಕರು ಇದೇನೋ ನಮ್ಮ ದೇವರ ಕಾರ್ಯ ಎಂದು ತಿಳಿದು, ಇನ್ನೊಂದು ಕೈಯಿಂದ ಟೊಪ್ಪಿಗೆ ತೆಗೆದು ಕಣ್ಣು ಮುಚ್ಚಿ ನಿಂತರು. ಇಸ್ಮಾಯಿಲಸಾಬ ಲಾರಿಯ ಹಿಂದೆ ಹೋಗಿ ಬಾಯಿಗೆ ವಸ್ತ್ರ ಇಟ್ಟುಕೊಂಡ.

ಹೇಗೋ ಕುದುರಿತು. ಎಲೆ ಅಡಿಕೆ ಕೊಟ್ಟು ಸಂಚಕಾರವೆಂದು ಮುಂಗಡ ಕೈಗಿಟ್ಟರು. ಉಳಿದದ್ದು ಯುಗಾದಿಯೊಳಗೆ. ಬೇಡ ಎಂದು ಹೇಳಲು ಹೋದ ನಾನು ಎಲ್ಲಿದ್ದೆ? ಅವರು ಕುದುರಿಸುವಾಗ ಗದ್ದೆಯ ಒಡ್ಡಿನ ಆ ತುದಿಗೆ ಹೋಗಿದ್ದೆ. ಅಲ್ಲಿಂದ ಸಮುದ್ರ ಕಾಣುತ್ತದೆ.

ಅಂಥಾದ್ದೇನಿಲ್ಲ. ಉಪ್ಪು ನೀರಿನ ದೊಡ್ಡ ಕೆರೆ. ಆಚೆ ದಡ ಇಲ್ಲ ಅಷ್ಟೆ. ನೀರು ಬರುತ್ತದೆ, ಬಂದು ಏನೋ ಮರೆತವರ ಹಾಗೆ ತಿರುಗಿ ಹೋಗುತ್ತದೆ, ಮತ್ತೆ ಬರುತ್ತದೆ. ಸದ್ದು ನಿಲ್ಲುವುದೇ ಇಲ್ಲ. ಗಾಳಿಗೆ ಸೆರಗು ತಲೆಯ ಮೇಲೆ ನಿಲ್ಲಲಿಲ್ಲ. ಹಿಡಿದು ಹಿಡಿದು ಸಾಕಾಗಿ ಬಿಟ್ಟುಬಿಟ್ಟೆ. ಯಾರೂ ಇರಲಿಲ್ಲವಲ್ಲ. ದೂರದಲ್ಲಿ ಒಂದು ಹಡಗು ಇತ್ತು, ನಾನು ನೋಡುವಷ್ಟು ಹೊತ್ತೂ ಅಲ್ಲೇ ಇತ್ತು. ನಮ್ಮವರು ಕೂಗಿದ್ದು ಕೇಳಿಸಲೇ ಇಲ್ಲ. ಇಸ್ಮಾಯಿಲಸಾಬ ಬಂದು ಕರೆದ.

೩ ಫೆಬ್ರವರಿ, ಭಾನುವಾರ

ನನ್ನ ಚಿಕ್ಕಪ್ಪನ ಮಗ ಶಂಕ್ರಪ್ಪ ಬಮ್ಮಿಗಟ್ಟಿ ಹೊಲ ಕೊಳ್ಳಲು ತಯಾರಾಗಿದ್ದಾನೆ. ಅವನ ಕಣ್ಣು ಮೊದಲಿಂದಲೂ ಅದರ ಮೇಲಿತ್ತು. ಇವತ್ತು ಹೊಲಕ್ಕೆ ಹೋಗಿದ್ದೆವು. ಜೋಳ ಕೊಯ್ದು ಕೂಳೆ ನಿಂತಿದೆ. ಶಂಕ್ರಪ್ಪ ಹೆಜ್ಜೆ ಹಾಕಿ ಅಳೆಯುತ್ತಾ ಬಂದು ಬನ್ನಿ ಗಿಡದ ಹತ್ತಿರ ನಿಂತ.

"ಅಕ್ಕಾ, ಈ ಗಿಡದ ನೆಳ್ಳು ಬೀಳತೈತಿ. ಕಡಿಸಿಬಿಡ್ತೀನಿ."

ಅಪ್ಪ ಆ ಗಿಡದ ಕೆಳಗೆ ಊಟ ಮಾಡುತ್ತಿದ್ದ. ಬುತ್ತಿ ತರುವವಳು ನಾನೇ. ಬಹಳ ಅಳು ಬಂತು, ಕಣ್ಣಿಗೆ ಕಸ ಬಿತ್ತು ಎಂದೆ. ನಮ್ಮವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಯುಗಾದಿಗೆ ಖರೀದಿ ಪತ್ರ. ಅಷ್ಟರಲ್ಲಿ ಏನಾದರೂ ಮಾಡಬೇಕು.

೧೦ ಫೆಬ್ರವರಿ

ಹೊಳೆಯಿತು! ಮಗಳನ್ನು ಮಿಶ್ರಿಕೋಟಿಗೆ ಕೊಡುವಾಗ ನಾವು ಸುಮ್ಮನೆ ಕೊಟ್ಟೆವೇ? ಗಂಡಿನ ಮನೆಯವರು ಏನು ಹೇಳುತ್ತಾರೋ ಅದನ್ನು ಬಿಟ್ಟು ಅಕ್ಕಪಕ್ಕದವರನ್ನು, ಹಿಟ್ಟಿನ ಗಿರಣಿಯವನನ್ನು, ಬಾವಿಯ ಹತ್ತಿರದ ಹೆಂಗಸರನ್ನು ವಿಚಾರಿಸಿದೆವು. ಹುಡುಗ ಕುಡಿಯುತ್ತಾನೋ, ಮನೆಯಲ್ಲಿ ಜಗಳ ಉಂಟೋ, ಎಲ್ಲ ಹೊರಗಿನಿಂದಲೇ ತಿಳಿಯಿತು. ಈ ಗದ್ದೆಯನ್ನು ಯಾರು ವಿಚಾರಿಸಿದರು?

"ಮಣ್ಣು ನೋಡೇನಿ, ಬಾಂದಗಲ್ಲು ನೋಡೇನಿ. ಇನ್ನೇನ್ ನೋಡೂದೈತಿ?" ಎಂದರು ನಮ್ಮವರು.

"ಮಿಶ್ರಿಕೋಟ್ಯಾಗ ಆ ಎಣ್ಣಿ ಗಾಣದವ್ರು ಹೊಲದಾಗ ಶೆಡ್ ಕಟ್ಟಿದ್ರಲ್ಲ, ಏನಾತು? ಹೊಲ ಇದು, ಕಟ್ಟಡಕ್ಕಂತ ಎನ್.ಎ. ಮಾಡಸಿಲ್ಲ ಅಂತ ತಹಶೀಲ್ದಾರ ಬಂದು ಕೆಡವಿಸಿ ಹೋದ್ರು. ಸ್ವಂತ ಹೊಲ ಆದ್ರೂ ಬಿಡಲಿಲ್ಲ. ತಾರಿವಾಡ್ಯಾಗ ಗದ್ದಿಯೊಳಗ ಮನಿ ಕಟ್ಟಾಕ ಬಿಡತಾರೋ ಇಲ್ಲೋ ಕೇಳೀರೇನು?"

"ಅಲ್ಲಿ ಪರಂಗ್ಯಾರ ಕಾಯ್ದೆ. ಇಂಥಾ ಕಿರಿಕಿರಿ ಇರಂಗಿಲ್ಲ."

"ಯಾರ್ ಹೇಳಿದ್ರು?"

"ಯಾರ್ ಹೇಳಬೇಕು? ನನಗ ಅನಸ್ತೈತಿ."

ಅನಿಸುತ್ತದಂತೆ! ನಾನೇ ಹೋಗಿ ವಿಚಾರಿಸುತ್ತೇನೆ ಎಂದೆ. ಅಡ್ಡಿ ಒಂದು ಸಿಕ್ಕರೆ ಸಾಕು, ನನ್ನ ಹೊಲ ಉಳಿಯುತ್ತದೆ. ಇಸ್ಮಾಯಿಲಸಾಬನ ಹೆಂಡತಿ ಹಸೀನಾಬಿ ಶಿವರಾತ್ರಿಯ ಮರುದಿನ ವಾಸ್ಕೋದಲ್ಲಿರುವ ಅಕ್ಕನ ಮನೆಗೆ ಹೊರಟಿದ್ದಾಳೆ. ಅವಳ ಜೊತೆಗೆ ನಾನು. ಖಾನಾವಳಿಗೆ ನಮ್ಮವರು ಮತ್ತು ಅತ್ತೆ.

ಹೋಗುವುದು ವಿಚಾರಣೆಗೆ ಮಾತ್ರ. ಹೊಸ ಇಳಕಲ್ ಸೀರೆ ಇಟ್ಟುಕೊಂಡಿದ್ದೇನೆ, ಪರಸ್ಥಳದಲ್ಲಿ ನಾಲ್ಕು ಜನ ನೋಡುತ್ತಾರೆ ಎಂದು.

೨೪ ಫೆಬ್ರವರಿ, ಭಾನುವಾರ
ವಾಸ್ಕೋ, ಹಸೀನಾಬಿಯ ಅಕ್ಕನ ಮನೆ

ಮೊನ್ನೆ ತಾರಿವಾಡೆಗೆ ಹೋದೆವು. ಮೊದಲು ಒಡ್ಡಿನ ತುದಿಗೆ ಹೋಗಿ ನೀರು ನೋಡಿ ಬಂದೆವು. ಹಸೀನಾಬಿ ನೋಡಿಲ್ಲ ಎಂದಳು, ಅದಕ್ಕೆ. (ಅವಳು ವಾಸ್ಕೋಗೆ ಬಹಳ ಸಲ ಬಂದಿದ್ದಾಳೆ ಎಂದು ಆಮೇಲೆ ಗೊತ್ತಾಯಿತು.) ಹಿಂದಿನ ಹಡಗು ಇರಲಿಲ್ಲ, ಬೇರೆ ಇತ್ತು.

ಗದ್ದೆಯ ಪಕ್ಕದ ಮನೆಯ ಮುದುಕಿ ರೊಜಾಲಿನಬಾಯಿ. ಫ್ರಾಕ್ ಹೌದು, ಆದರೆ ಹಿಮ್ಮಡಿಯ ತನಕ ಇದೆ. ಅತ್ತೆಗೆ ಹೇಳಬೇಕು. ತವರು ಕಾರವಾರವಂತೆ, ಸಾಲೆಯಲ್ಲಿ ಕನ್ನಡ ಓದಿದ್ದಾರೆ. ಆ ಕನ್ನಡವನ್ನು ಪೆಟ್ಟಿಗೆಯಲ್ಲಿಟ್ಟು ಈಗ ತೆಗೆದವರ ಹಾಗೆ ಮಾತಾಡುತ್ತಾರೆ. ತೆಂಗಿನಕಾಯಿಯ ಮಿಠಾಯಿ ಕೊಟ್ಟರು. ನಾನು ಗಂಡಿನ ವಿಚಾರಣೆಯ ಹಾಗೆಯೇ ಸುತ್ತಿ ಬಳಸಿ ಸುರು ಮಾಡಿದೆ. ಕಾಯ್ತಾನ್ ಹೇಗೆ? ಒಳ್ಳೆಯವನು. ಜಗಳ ತಂಟೆ? ಇಲ್ಲ. ಗದ್ದೆ? ಚಿನ್ನ.

ಕಡೆಗೆ ಸುಸ್ತಾಗಿ, "ಅಲ್ಲಿ ನಾವು ಖಾನಾವಳಿ ಕಟ್ಟಬೇಕಂತ ಮಾಡೇವ್ರಿ," ಎಂದೆ.

ರೊಜಾಲಿನಬಾಯಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. "ಸಾಯ್ಬಾ, ದೇವರೇ! ಗದ್ದೆಯಲ್ಲಿ? ಮೀನುಗಳಿಗೆ ಊಟ ಬಡಿಸುವುದಾ ನೀನು?"

ನಕ್ಕರು ನೋಡಿ, ಅವರ ಕೋಳಿಗಳು ಬೆದರಿ ಓಡಿದವು. ಆಮೇಲೆ ನನ್ನ ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಅಮಾವಾಸ್ಯೆಯ ದಿನ, ಸಮುದ್ರ ಏರಿ ಒಡ್ಡಿನ ಅಂಚಿಗೆ ಬಂದಿತ್ತು. ನಾನು ಆ ಸಲ ಸೆರಗು ಬಿಟ್ಟು ನಿಂತಿದ್ದ ಜಾಗ, ನಾವು ಬಂದಾಗ ಒಣಗಿದ್ದುದು, ಈಗ ನೀರೊಳಗಿತ್ತು. ಒಡ್ಡಿಗೆ ಮರದ ಬಾಗಿಲಿದೆ. ಊರಿನವರೆಲ್ಲ ಸೇರಿ ಅದನ್ನು ಹಾಕಿ ತೆಗೆದು ಮಾಡಿ ಉಪ್ಪು ನೀರನ್ನು ಹೊರಗಿಡುತ್ತಾರೆ. ಮಳೆಗಾಲದಲ್ಲಿ ಆಳು ಅರ್ಧ ಮುಳುಗುವಷ್ಟು ಮಳೆ ನೀರು ಗದ್ದೆಯಲ್ಲಿ ನಿಲ್ಲುತ್ತದೆ. ಒಬ್ಬರು ಮಣ್ಣು ತುಂಬಿಸಿ ಕಟ್ಟಿದರೆ ಆ ನೀರು ಪಕ್ಕದವರ ಮನೆಗೆ ನುಗ್ಗುತ್ತದೆ.

"ಮನೆ ದಿಬ್ಬದಲ್ಲಿ, ಭತ್ತ ಗದ್ದೆಯಲ್ಲಿ. ನನ್ನ ಅಜ್ಜಿಯ ಕಾಲದಿಂದ ಇದೇ. ಈಗ ಸರಕಾರವೂ ಇದನ್ನೇ ಹೇಳುತ್ತದೆ," ಎಂದರು.

ನಿನ್ನೆ ಪಟ್ಟಣದ ಕಚೇರಿಗೂ ಹೋದೆ. ಗುಮಾಸ್ತ ನಕಾಶೆ ಬಿಚ್ಚಿ ಬೆರಳಿಟ್ಟು ಮರಾಠಿಯಲ್ಲಿ ಹೇಳಿದ: ಈ ಗೆರೆಯೊಳಗಿನದೆಲ್ಲ ಗದ್ದೆ, ಕಟ್ಟಡಕ್ಕೆ ಸನದು, ಅಂದರೆ ಪರವಾನಗಿ, ಸಿಗುವುದಿಲ್ಲ, ಸ್ವಂತದ್ದಾದರೂ ಅಷ್ಟೇ. ಗೆರೆಯ ಹೊರಗಿನ ದಿಬ್ಬದಲ್ಲಿ ಏನು ಎಂದು ಕೇಳಿದೆ. ಅಲ್ಲಿ ಅರ್ಜಿ ಕೊಟ್ಟರೆ ಸಿಗುತ್ತದೆ ಎಂದ. ಸುಮ್ಮನೆ ಕೇಳಿದ್ದು.

ನಾನು ಗೆದ್ದೆ. ಹೊಲ ಉಳಿಯಿತು. ಹಸೀನಾಬಿಯ ಅಕ್ಕ ನನಗಾಗಿ ಬೇರೆ ಪಾತ್ರೆಯಲ್ಲಿ ಅನ್ನ ಸಾರು ಮಾಡಿದ್ದರು, ಸೇರಲಿಲ್ಲ. ತೆಂಗಿನ ಮಿಠಾಯಿ ಹೆಚ್ಚಾಗಿರಬೇಕು.

೨೭ ಫೆಬ್ರವರಿ
ಕಲಘಟಗಿ

ನಮ್ಮವರು ನಾಲ್ಕು ದಿನ ಬಡಿದ ರೊಟ್ಟಿಗಳ ಬಗ್ಗೆ ಬಸ್ ಸ್ಟ್ಯಾಂಡಿನಲ್ಲೆಲ್ಲ ಮಾತು. ಒಬ್ಬ ಕಂಡಕ್ಟರ್ ಒಂದನ್ನು ಬಸ್ಸಿನ ಒಡೆದ ಕಿಟಕಿಗೆ ಗಾಜಿನ ಬದಲು ಕೂಡಿಸಿದನಂತೆ.

ವಿಚಾರಣೆಯ ಸುದ್ದಿ ಹೇಳಿದೆ. ಕೇಳಿ ಮುಖ ಬಿಳಿಚಿಕೊಂಡು ಕುಳಿತರು. ಆಮೇಲೆ ನಕ್ಕರು.

"ದೇವರು ದೊಡ್ಡಾಂವ, ರೇವಾ. ನಿನ್ನ ಹೊಲ ನೀರಾಗ ಹಾಕತಿದ್ದೆ ನಾನು. ಖರೇ ಹೇಳಲೇನು? ಆ ದಿನ ಬನ್ನಿ ಗಿಡದ ಕೆಳಗ ನಿನ್ನ ಮಾರಿ ನೋಡಿದಾಗಿಂದ ನನಗ ನಿದ್ದಿ ಇಲ್ಲ. ಸಂಚಕಾರ ಹೋದ್ರ ಹೋಗಲಿ. ಹುಬ್ಬಳ್ಳಿ ರೋಡಿಗೆ ಒಂದ್ ಬಾಡಿಗಿ ಜಾಗಾ ನೋಡಿದ್ರಾತು."

ಅಯ್ಯ, ಎಷ್ಟು ಒಳ್ಳೆಯವರು ಎನಿಸಿತು. ಅತ್ತೆ ಗುಡಿಗೆ ಎಣ್ಣೆ ಕೊಟ್ಟು ಬಂದರು. ಎಲ್ಲರಿಗೂ ಸಂತೋಷ. ನನಗೂ.

೨ ಮಾರ್ಚ್

ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಬೈಸಿಕೊಂಡೆ.

೪ ಮಾರ್ಚ್

ಅಡಿಗೆಮನೆಯ ಗೋಡೆ ಎಷ್ಟು ಕಪ್ಪಾಗಿದೆ! ಇಷ್ಟು ವರ್ಷ ಇದರ ಎದುರಿಗೇ ನಿಂತಿದ್ದೇನೆ, ಇವತ್ತು ನೋಡಿದೆ. ಹುಬ್ಬಳ್ಳಿ ರಸ್ತೆಯ ಬಾಡಿಗೆ ಜಾಗವನ್ನೂ ನೋಡಿ ಬಂದೆವು. ಅಡಿಗೆಮನೆ ಇದಕ್ಕಿಂತ ಸಣ್ಣದು. ಹೊಗೆ ಹೋಗಲು ಒಂದು ಗಿಂಡಿಯಷ್ಟು ತೂತು. ನಮ್ಮವರು ಚಲೋ ಐತಲ್ಲ ಎಂದರು. ನಾನು ಅವರ ಮೇಲೆ ಹರಿಹಾಯ್ದೆ. ಯಾಕೋ ಏನೋ.

೭ ಮಾರ್ಚ್

ಬೆಳಿಗ್ಗೆ ಹಿಟ್ಟು ನಾದುತ್ತಾ ಇದ್ದಾಗ ಬಾಯಿಂದ ತಾನೇ ಬಂತು.

"ಆ ಕಲ್ಲಿನ ಜಾಗಾ ಇತ್ತಲ್ರಿ, ದಿಬ್ಬದಾಗ. ಅದನ್ನ ಕೇಳೂಣೇನು?"

ನಮ್ಮವರು ಬಕೆಟ್ಟು ಕೆಳಗಿಟ್ಟರು. "ಯಾವ ಕಲ್ಲು? ಅಲ್ಲೇನ್ ಬೆಳೀತೈತಿ?"

"ನಾವೇನ್ ಅಲ್ಲಿ ಜ್ವಾಳ ಬೆಳಿಯಾಕ ಹೊಂಟೀವೇನು? ರೊಟ್ಟಿ ಬಡಿಯಾಕ ಹೊಂಟೀವಿ."

ಹಣೆ ಹಣೆ ಬಡಿದುಕೊಂಡರು.

"ಅಲ್ಲಲೇ, ಮನಿ ಕಟ್ಟಾಕ ಜಾಗಾ ನೋಡಾಕ ಹೋಗಿ ಮಣ್ಣು ತಿಂದು ಬಂದೆನಲ್ಲ ನಾನು!"

"ನಾನೂ ನಿಂತು ನೋಡಿದೆನಲ್ರಿ. ನಮ್ಮಿಬ್ಬರಿಗೂ ಹೊಲ ಬಿಟ್ಟು ಬ್ಯಾರೆ ನೆಲ ಕಣ್ಣಿಗೆ ಬೀಳಂಗಿಲ್ಲ."

"ಬ್ಯಾಡಂತಿದ್ದಿ, ಈಗ ನೀನ ಹೊಂಟೆಲ್ಲ?"

ನಾನು ಯಾವಾಗ ಬೇಡ ಎಂದೆ? ಹೊಲ ಮಾರುವುದು ಬೇಡ ಎಂದಿದ್ದು. ಇವರಿಗೆ ಯಾವ ಮಾತೂ ನೆನಪಿರುವುದಿಲ್ಲ.

೧೬ ಮಾರ್ಚ್, ಶನಿವಾರ
ತಾರಿವಾಡೆ, ರೊಜಾಲಿನಬಾಯಿಯ ಪಡಸಾಲೆ

ಘಟ್ಟದಲ್ಲಿ ಈ ಸಲ ನನಗೆ ಏನೂ ಆಗಲಿಲ್ಲ, ನಮ್ಮವರಿಗೆ ಆಯಿತು. ನಿಂಬೆಹಣ್ಣು ನಾನೇ ಕೊಟ್ಟೆ.

ಮೊದಲು ಕಚೇರಿ, ಆಮೇಲೆ ಎಲೆ ಅಡಿಕೆ ಎಂದು ನಾನು ಹಟ ಹಿಡಿದಿದ್ದೆ. ಕಲ್ಲಿನ ಜಾಗ ಗೆರೆಯ ಹೊರಗಿದೆ, ಖಾನಾವಳಿ ಕಟ್ಟಬಹುದು ಎಂದು ಅದೇ ಗುಮಾಸ್ತ ನಮ್ಮವರಿಗೂ ನಕಾಶೆ ತೋರಿಸಿ ಹೇಳಿದ. ಊರಿನ ಪಂಚಾಯತಿಯವರೂ ಹೂಂ ಎಂದರು. ಆಮೇಲೆ ಕಾಯ್ತಾನರ ಮನೆ.

ನಮ್ಮವರು ಕುಳಿತವರೇ ಹೆಗಲ ಮೇಲಿನ ಟವೆಲ್ಲಿಗೆ ಕೈ ಹಾಕಿದರು. ಕಾಯ್ತಾನ್ ಪಾಪ, ಟೊಪ್ಪಿಗೆ ತೆಗೆಯಲು ತಯಾರಾದರು. ನಾನು ಟವೆಲ್ ಎಳೆದುಕೊಂಡು ಮಡಚಿ ನನ್ನ ತೊಡೆಯ ಮೇಲಿಟ್ಟುಕೊಂಡೆ. ನನ್ನ ಮುರುಕು ಮರಾಠಿಯಲ್ಲಿ ಎಲ್ಲ ಹೇಳಿದೆ. ನಾವು ಖಾನಾವಳಿ ಹಾಕುವವರು. ಲಾರಿಯವರಿಗೆ ರೊಟ್ಟಿ ಊಟ. ಗದ್ದೆ ನಮಗೆ ಕೆಲಸಕ್ಕೆ ಬರುವುದಿಲ್ಲ, ದಿಬ್ಬದ ಜಾಗ ಬೇಕು. ಮೊದಲು ನಕ್ಕಿದ್ದು ನಮ್ಮ ತಪ್ಪು.

ನಮ್ಮವರು ಎಲ್ಲ ಗುಟ್ಟು ಹೊರಗೆ ಹಾಕಿದಳು ಎಂದು ನನ್ನನ್ನು ತಿನ್ನುವ ಹಾಗೆ ನೋಡಿದರು.

ಕಾಯ್ತಾನ್ ಎದ್ದು ಒಳಗೆ ಹೋದರು. ಕೆಟ್ಟಿತು ಎಂದುಕೊಂಡೆ. ಬರುವಾಗ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆ ಗದ್ದೆ ಅವರ ತಾಯಿ ಮದುವೆಯಲ್ಲಿ ತಂದದ್ದಂತೆ. ಕಲ್ಲಿನ ಜಾಗಕ್ಕೆ ಗಿರಾಕಿಯೇ ಸಿಗುತ್ತಿರಲಿಲ್ಲ. ಮನೆಯ ಮಾಡು ರಿಪೇರಿ ಮಾಡಿಸಬೇಕಿತ್ತು. ನಿಮ್ಮವರು ಮಣ್ಣನ್ನು ನಾಲಗೆಗೆ ಹಚ್ಚಿಕೊಂಡರಲ್ಲ, ಇವರು ಗದ್ದೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಮನಸ್ಸು ಗಟ್ಟಿ ಮಾಡಿ ಒಪ್ಪಿದೆ, ಮೊದಲೇ ಹೇಳಬಾರದಿತ್ತೇ ಎಂದರು.

ನನಗೆ ಬನ್ನಿ ಗಿಡ ಕಣ್ಣ ಮುಂದೆ ಬಂತು. ಆ ಮುದುಕರ ಕೈ ಹಿಡಿದು ಅತ್ತುಬಿಟ್ಟೆ. ಕಸ ಬಿತ್ತು ಎಂದು ಸುಳ್ಳು ಹೇಳಲಿಲ್ಲ. ಪರಗಂಡಸರ ಕೈ ಹಿಡಿದೆನಲ್ಲ ಎಂದು ಈಗ ನಾಚಿಕೆಯಾಗುತ್ತಿದೆ. ಅತ್ತೆಗೆ ಇದನ್ನು ಹೇಳುವುದಿಲ್ಲ.

ಕೊಟ್ಟಿದ್ದ ಸಂಚಕಾರಕ್ಕೆ ನಮ್ಮವರು ಕೂಡಿಟ್ಟದ್ದು ಸೇರಿಸಿದರೆ ಕಲ್ಲಿನ ಜಾಗಕ್ಕೆ ಸಾಕಾಗುತ್ತದೆ. ಹೊಲ ಮಾರಬೇಕಾಗಿಲ್ಲ. ಎಲೆ ಅಡಿಕೆ ಕೊಡುವಾಗ ಕಾಯ್ತಾನರೇ ಕೈ ಮುಂದೆ ಮಾಡಿ, ಟವೆಲ್ ಹಾಕಿ ಎಂದರು. ಅದಿಲ್ಲದಿದ್ದರೆ ವ್ಯಾಪಾರ ಗಟ್ಟಿಯಾಗುವುದಿಲ್ಲವೇನೋ ಎಂದು ಅವರಿಗೆ ಭಯ. ಟವೆಲ್ಲಿನ ಕೆಳಗೆ ಇಬ್ಬರೂ ಸುಮ್ಮನೆ ಕೈ ಕುಲುಕಿದರು.

೨೪ ಮಾರ್ಚ್, ಯುಗಾದಿ
ಕಲಘಟಗಿ

ಶಂಕ್ರಪ್ಪನಿಗೆ ಹೊಲ ಇಲ್ಲವೆಂದು ಹೇಳಿದೆವು. ಮುಖ ಉಬ್ಬಿಸಿಕೊಂಡ. ಬೇವು ಬೆಲ್ಲದಲ್ಲಿ ಅವನಿಗೆ ಬೆಲ್ಲವೇ ಹೆಚ್ಚು ಹಾಕಿದೆ. ಜೋಳ ಇನ್ನು ಇಸ್ಮಾಯಿಲಸಾಬನ ಲಾರಿಯಲ್ಲಿ ಬೆಲ್ಲದ ಮೇಲೆ ಕುಳಿತು ಘಟ್ಟ ಇಳಿಯುತ್ತದೆ.

ಅತ್ತೆ ತಮ್ಮ ಟ್ರಂಕು ಹೊರಗೆ ತೆಗೆದಿದ್ದಾರೆ. "ನಾನೇನ್ ಇರಾಕ ಬರಂಗಿಲ್ಲ, ನೋಡಾಕ," ಎಂದರು. ಟ್ರಂಕಿನಲ್ಲಿ ಅವರ ಕೌದಿಯೂ ಇದೆ, ಇಷ್ಟಲಿಂಗದ ಪೂಜೆಯ ಸಾಮಾನೂ ಇದೆ, ಬೀಸುವ ಕಲ್ಲು ಒಂದೇ ಹಿಡಿಯಲಿಲ್ಲ.

೧೨ ಮೇ, ಭಾನುವಾರ
ತಾರಿವಾಡೆ

ಬಹಳ ದಿನ ಬರೆಯಲಿಲ್ಲ. ಸಿಟ್ಟು ಬರಲಿಲ್ಲ ಎಂದಲ್ಲ, ಪುರಸೊತ್ತು ಇರಲಿಲ್ಲ.

ಮಳೆ ಬರುವ ಮೊದಲು ಮಾಡು ಹಾಕಬೇಕು. ಈ ಕಡೆಯ ಕೆಂಪು ಕಲ್ಲನ್ನು ಕೊಡಲಿಯಂಥ ಹತಾರದಿಂದ ನೆಲದಲ್ಲೇ ಇಟ್ಟಂಗಿಯ ಹಾಗೆ ಕತ್ತರಿಸುತ್ತಾರೆ. ಗೋಡೆಗೆ ಬೇಕಾದ ಕಲ್ಲೆಲ್ಲ ನಮ್ಮ ಜಾಗದಲ್ಲೇ ಸಿಕ್ಕಿತು. ಕಲ್ಲು ತೆಗೆದ ಗುಂಡಿಯೇ ಮಳೆಗಾಲದಲ್ಲಿ ನೀರಿನ ಹೊಂಡವಾಗುತ್ತದಂತೆ. ನಮ್ಮವರು ದಿನಾ ಬೆಳಿಗ್ಗೆ ಆ ಗುಂಡಿಯ ದಂಡೆಯಲ್ಲಿ ನಿಂತು, ಇದಕ್ಕೆ ನಗಾಡಿದೆನಲ್ಲ ಎಂದು ಇಸ್ಮಾಯಿಲಸಾಬನ ಮುಂದೆ ಹೇಳುತ್ತಾರೆ. ಅತ್ತೆ ಮತ್ತು ರೊಜಾಲಿನಬಾಯಿ ಪಡಸಾಲೆಯಲ್ಲಿ ಕುಳಿತು ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ದಿನವೆಲ್ಲ ಸೊಸೆಯಂದಿರ ಬಗ್ಗೆ ಮಾತಾಡುತ್ತಾರೆ. ಕಾಯ್ತಾನ್ ಗದ್ದೆಯ ಒಡ್ಡು ಸರಿಮಾಡುತ್ತಾ ಕೈ ಬೀಸುತ್ತಾರೆ. ತಗಡಿನ ಮರೆಯಲ್ಲಿ ಒಲೆ ಹೂಡಿ ರೊಟ್ಟಿ ಆಗಲೇ ಸುರು ಮಾಡಿದ್ದೇವೆ. ಆ ನವಲಗುಂದದವನು ನಿನ್ನೆ ಬಂದಿದ್ದ. ಅಳಲಿಲ್ಲ, ಸಾರಿಗೆ ಖಾರ ಕಡಿಮೆ ಎಂದು ಜಗಳ ತೆಗೆದ.

ಇವತ್ತು ಗೌಂಡಿ ಅಡಿಗೆಮನೆಯ ಗೋಡೆ ಸೊಂಟದೆತ್ತರ ಏರಿಸಿ, ಸಮುದ್ರದ ಕಡೆಗೆ ಕಿಟಕಿ ಎಷ್ಟು ಬಿಡಲಿ ಎಂದು ಕೇಳಿದ. ನಮ್ಮವರು ಎರಡು ಅಂಗೈ ಕೂಡಿಸಿ ಇಷ್ಟು ಎಂದು ತೋರಿಸಿದರು. ನಾನು ಎರಡೂ ತೋಳು ಚಾಚಿ ನಿಂತೆ.

"ಇಷ್ಟು ದೊಡ್ಡದಾ? ಗಾಳಿ ಬಂದು ಒಲಿ ಆರತೈತಿ, ರೇವಾ."

ಇವರಿಗೆ ಎಲ್ಲದಕ್ಕೂ ಒಂದು ಅಡ್ಡ ಮಾತು.

"ಆರಿದ್ರ ಮತ್ತ ಹಚ್ಚಿದ್ರಾತು," ಎಂದೆ.